ಕೈಯಲ್ಲಿ ಎಷ್ಟು ಕೆಲಸ, ಯಾವುದು ಮೊದಲು, ಎಷ್ಟು ಹೊತ್ತು: ಕೆಲಸದ ವೇಳೆಯ ಲೆಕ್ಕಾಚಾರ

ಕೆಲಸ ತಡವಾದಾಗ ನಾವು ಮೊದಲು ದೂರುವುದು ನಮ್ಮ ವೇಗವನ್ನು. ಆದರೆ ಹೆಚ್ಚಿನ ಸಲ ತಪ್ಪು ನಡೆದಿರುವುದು ಕೆಲಸಕ್ಕೆ ಕೂರುವ ಮೊದಲೇ. ಒಮ್ಮೆಗೆ ಎಷ್ಟು ಕೆಲಸಕ್ಕೆ ಕೈ ಹಾಕಿದೆವು, ಯಾವ ಕ್ರಮದಲ್ಲಿ ಹಿಡಿದೆವು, ಒಂದೊಂದಕ್ಕೆ ಎಷ್ಟು ಹೊತ್ತು ಬೇಕು ಅಂದುಕೊಂಡೆವು: ಈ ಮೂರು ತೀರ್ಮಾನ ಸರಿ ಇಲ್ಲದಿದ್ದರೆ ಎಷ್ಟು ಚುರುಕಾಗಿ ದುಡಿದರೂ ಸಂಜೆಗೆ ಬಾಕಿಯೇ ಉಳಿಯುತ್ತದೆ. ಸಂತೋಷದ ಸಂಗತಿ ಎಂದರೆ ಮೂರಕ್ಕೂ ಲೆಕ್ಕವಿದೆ, ಅದೂ ಕೂಡಿಸಿ ಕಳೆಯುವಷ್ಟು ಸುಲಭದ ಲೆಕ್ಕ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಓದಿ. ಉದಾಹರಣೆಗಳನ್ನು ನೀವೇ ಒಮ್ಮೆ ಬಿಡಿಸಿದರೆ ಮಾತ್ರ ಇದು ತಲೆಗೆ ಹೋಗುತ್ತದೆ.

ಕೈಯಲ್ಲಿ ಎಷ್ಟು

ಸರದಿಗಳ, ಅಂದರೆ ಕಾಯುವ ಸಾಲುಗಳ, ಗಣಿತದಲ್ಲಿ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸೂತ್ರವಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ:

ಕೈಯಲ್ಲಿರುವ ಕೆಲಸಗಳ ಸಂಖ್ಯೆ = ವಾರಕ್ಕೆ ಮುಗಿಯುವ ಕೆಲಸಗಳು × ಒಂದು ಕೆಲಸ ಕೈಯಲ್ಲಿ ಉಳಿಯುವ ವಾರಗಳು

ಇವೆಲ್ಲ ಸರಾಸರಿಗಳು. ನಿಮ್ಮ ಕೈಯಲ್ಲಿ 20 ಕೆಲಸಗಳು ಶುರುವಾಗಿ ನಿಂತಿವೆ, ವಾರಕ್ಕೆ 4 ಮುಗಿಯುತ್ತವೆ ಎಂದಿಟ್ಟುಕೊಳ್ಳಿ. ಒಂದು ಕೆಲಸ ಶುರುವಾಗಿ ಮುಗಿಯಲು ಸರಾಸರಿ 5 ವಾರ. ಅದೇ ವೇಗದಲ್ಲಿ ದುಡಿಯುತ್ತ, ಕೈಗೆತ್ತಿಕೊಂಡದ್ದನ್ನು 8ಕ್ಕೆ ಇಳಿಸಿದರೆ 2 ವಾರ. ದುಡಿಮೆ ಒಂದು ನಿಮಿಷವೂ ಹೆಚ್ಚಾಗಿಲ್ಲ. ಶುರು ಮಾಡದೆ ಉಳಿದ 12 ಕೆಲಸಗಳು ಪಟ್ಟಿಯಲ್ಲಿ ಕಾಯುತ್ತವೆ ನಿಜ, ಆದರೆ ಅವು ಮೊದಲೂ ಕಾಯುತ್ತಲೇ ಇದ್ದವು, ಅರ್ಧಂಬರ್ಧ ಮಾಡಿಟ್ಟ ಸ್ಥಿತಿಯಲ್ಲಿ. ಶುರುವಾಗದ ಕೆಲಸಕ್ಕೆ ಒಂದು ಅನುಕೂಲವಿದೆ: ಬೇಡವೆಂದಾದರೆ ನಷ್ಟವಿಲ್ಲದೆ ಕೈಬಿಡಬಹುದು.

ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಸರದಿಯಂತೆ ಮುಟ್ಟಿದರೆ ಏನಾಗುತ್ತದೆ ಎಂಬುದನ್ನೂ ನೋಡಿ. ಮೂರು ಕೆಲಸ, ಒಂದೊಂದಕ್ಕೂ 5 ದಿನ. ಒಂದಾದ ಮೇಲೊಂದು ಮಾಡಿದರೆ ಅವು 5, 10, 15ನೇ ದಿನ ಮುಗಿಯುತ್ತವೆ, ಸರಾಸರಿ 10. ದಿನಕ್ಕೊಂದರಂತೆ ಬದಲಿಸುತ್ತ ಹೋದರೆ 13, 14, 15ನೇ ದಿನ ಮುಗಿಯುತ್ತವೆ, ಸರಾಸರಿ 14. ಕೊನೆಯ ಕೆಲಸಕ್ಕೆ ಒಂದು ದಿನದ ಲಾಭವೂ ಆಗಲಿಲ್ಲ, ಉಳಿದ ಎರಡು ಸುಮ್ಮನೆ ಹಿಂದೆ ಬಿದ್ದವು. ಒಂದರಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವ ಖರ್ಚನ್ನು ಈ ಲೆಕ್ಕದಲ್ಲಿ ಸೊನ್ನೆ ಎಂದೇ ಹಿಡಿದಿದ್ದೇವೆ. ನಿಜದಲ್ಲಿ ಅದು ಸೊನ್ನೆಯಲ್ಲ.

ಜಾರಿಗೆ ತರುವುದು ಹೀಗೆ. ಹಾಳೆಯಲ್ಲೋ ಸ್ಪ್ರೆಡ್‌ಶೀಟಿನಲ್ಲೋ ನಾಲ್ಕು ಕಾಲಂ ಮಾಡಿ: ಬಾಕಿ, ಕೈಯಲ್ಲಿದೆ, ಬೇರೆಯವರಿಗಾಗಿ ಕಾಯುತ್ತಿದೆ, ಮುಗಿಯಿತು. ‘ಕೈಯಲ್ಲಿದೆ’ ಕಾಲಮಿನಲ್ಲಿ ಮೂರಕ್ಕಿಂತ ಹೆಚ್ಚು ಇರಕೂಡದು. ನಾಲ್ಕನೆಯದು ಬೇಕೆಂದರೆ ಒಂದು ಹೊರಗೆ ಹೋಗಲೇಬೇಕು. ಈ ವ್ಯವಸ್ಥೆ ಕೆಡುವುದು ಸಾಮಾನ್ಯವಾಗಿ ಮೂರನೆಯ ಕಾಲಮಿನಿಂದ. ಬೇಸರದ ಕೆಲಸಗಳನ್ನೆಲ್ಲ ‘ಕಾಯುತ್ತಿದೆ’ ಎಂದು ಅಲ್ಲಿಗೆ ತಳ್ಳಿ ಮರೆಯುವುದು ಬಹಳ ಸುಲಭ. ಅದಕ್ಕೇ ಅಲ್ಲಿರುವ ಪ್ರತಿಯೊಂದರ ಮುಂದೆ ಎರಡು ವಿವರ ಕಡ್ಡಾಯ: ಯಾರಿಂದ ಬರಬೇಕು, ಯಾವ ದಿನ ಮತ್ತೆ ಕೇಳಬೇಕು. ಇವೆರಡನ್ನೂ ಬರೆಯಲಾಗದಿದ್ದರೆ ಅದು ಕಾಯುತ್ತಿರುವ ಕೆಲಸವಲ್ಲ, ಬಾಕಿ ಕೆಲಸ.

ಯಾವುದು ಮೊದಲು

ನನಗೆ ಈ ವಿಷಯದ ಅತ್ಯಂತ ರುಚಿಕರ ಭಾಗ ಇದೇ. ‘ಮುಖ್ಯವಾದದ್ದನ್ನು ಮೊದಲು ಮಾಡಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಆದರೆ ಗಡುವಿರುವ ನಾಲ್ಕು ಕೆಲಸ ಎದುರಿಗಿದ್ದಾಗ ಅದರಿಂದ ಏನೂ ತಿಳಿಯುವುದಿಲ್ಲ. ಕಾರ್ಖಾನೆಯ ಯಂತ್ರಗಳಿಗೆ ಕೆಲಸದ ಕ್ರಮ ಹಾಕಲು 1950 ಮತ್ತು 60ರ ದಶಕಗಳಲ್ಲಿ ಕಂಡುಕೊಂಡ ನಿಯಮಗಳು ಇಲ್ಲಿ ಹೆಚ್ಚು ಉಪಯುಕ್ತ. ಉದಾಹರಣೆ:

ಬಿಲ್ ಪರಿಶೀಲನೆ: 2 ಗಂಟೆಯ ಕೆಲಸ, ಗಡುವು ಈಗಿನಿಂದ 3 ಗಂಟೆ
ವರದಿ: 4 ಗಂಟೆಯ ಕೆಲಸ, ಗಡುವು 5 ಗಂಟೆ
ಪತ್ರ: 1 ಗಂಟೆಯ ಕೆಲಸ, ಗಡುವು 6 ಗಂಟೆ
ಸ್ಲೈಡುಗಳು: 3 ಗಂಟೆಯ ಕೆಲಸ, ಗಡುವು 9 ಗಂಟೆ

ಒಟ್ಟು 10 ಗಂಟೆಯ ಕೆಲಸ, ಕೊನೆಯ ಗಡುವು 9ಕ್ಕೆ. ಏನೇ ಮಾಡಿದರೂ ಒಂದಾದರೂ ತಡವಾಗಲೇಬೇಕು. ಪ್ರಶ್ನೆ ಯಾವುದು, ಎಷ್ಟು ಎಂಬುದಷ್ಟೆ.

ಗಡುವು ಹತ್ತಿರವಿರುವುದು ಮೊದಲು. ಇದು ಜೇಮ್ಸ್ ಜಾಕ್ಸನ್ 1955ರಲ್ಲಿ ಕೊಟ್ಟ ನಿಯಮ. ಕೆಲಸಗಳು 2, 6, 7, 10ನೇ ಗಂಟೆಗೆ ಮುಗಿಯುತ್ತವೆ. ಬಿಲ್ ಸಮಯಕ್ಕೆ ಸರಿಯಾಗಿ, ಉಳಿದ ಮೂರೂ ಒಂದೊಂದು ಗಂಟೆ ತಡ. ‘ಅತಿ ಹೆಚ್ಚು ತಡವಾದದ್ದು ಎಷ್ಟು?’ ಎಂದು ಕೇಳಿದರೆ ಇದಕ್ಕಿಂತ ಒಳ್ಳೆಯ ಕ್ರಮ ಇನ್ನೊಂದಿಲ್ಲ. ಆದರೆ ಮೂರು ಜನರಿಗೆ ಮಾತು ತಪ್ಪಿದಂತಾಯಿತು.

ತಡವಾಗುವ ಕೆಲಸಗಳ ಸಂಖ್ಯೆ ಕಡಿಮೆಯಾಗಬೇಕೆಂದರೆ 1968ರಲ್ಲಿ ಮೂರ್ ಪ್ರಕಟಿಸಿದ ವಿಧಾನವಿದೆ. ಗಡುವಿನ ಕ್ರಮದಲ್ಲೇ ಒಂದೊಂದಾಗಿ ಸೇರಿಸುತ್ತ ಬನ್ನಿ. ಎಲ್ಲಿ ಗಡುವು ಮೀರಿತೋ ಅಲ್ಲಿ ನಿಲ್ಲಿ, ಅದುವರೆಗೆ ಸೇರಿಸಿದವುಗಳಲ್ಲಿ ಅತಿ ಉದ್ದದ ಕೆಲಸವನ್ನು ತೆಗೆದು ಕೊನೆಗೆ ಹಾಕಿ, ಮುಂದುವರಿಯಿರಿ. ಬಿಲ್ 2ನೇ ಗಂಟೆಗೆ ಮುಗಿಯಿತು, ಸರಿ. ವರದಿ ಸೇರಿಸಿದರೆ 6, ಗಡುವು 5, ಮೀರಿತು. ಇವೆರಡರಲ್ಲಿ ಉದ್ದದ್ದು ವರದಿ, ಅದನ್ನು ಕೊನೆಗೆ ಹಾಕಿದೆವು. ಪತ್ರ 3ನೇ ಗಂಟೆಗೆ, ಸ್ಲೈಡುಗಳು 6ನೇ ಗಂಟೆಗೆ, ಎರಡೂ ಸರಿ. ವರದಿ 10ನೇ ಗಂಟೆಗೆ, ಅಂದರೆ 5 ಗಂಟೆ ತಡ. ಮೂರರ ಬದಲು ಒಂದೇ ಒಂದು ಕೆಲಸ ತಡವಾಯಿತು.

ಇದರ ನಿಜವಾದ ಬೆಲೆ ಗಣಿತದಲ್ಲಿಲ್ಲ, ಮುಂದಿನ ಹೆಜ್ಜೆಯಲ್ಲಿದೆ. ಯಾವುದು ತಡವಾಗಲಿದೆ ಎಂಬುದು ಬೆಳಗ್ಗೆಯೇ ಗೊತ್ತಾಯಿತಲ್ಲ? ವರದಿ ಕೇಳಿದವರಿಗೆ ಆಗಲೇ ಒಂದು ಫೋನ್ ಮಾಡಬಹುದು: ‘ಇವತ್ತು ಸಂಜೆಗೆ ಪೂರ್ತಿ ಆಗುವುದಿಲ್ಲ, ನಾಳೆ ಬೆಳಗ್ಗೆ ಕೊಡುತ್ತೇನೆ, ನಡೆಯುತ್ತದೆಯೆ?’ ಗಡುವಿಗೆ ಮೊದಲು ಹೇಳಿದ ತಡವನ್ನು ಬಹಳಷ್ಟು ಜನ ಒಪ್ಪುತ್ತಾರೆ. ಅವರು ಖಡಾಖಂಡಿತವಾಗಿ ಆಗದು ಎಂದರೆ, ಬೇರೆ ಯಾರ ಗಡುವು ಸಡಿಲವಾಗುತ್ತದೆ ಎಂದು ಕೇಳಿ ನೋಡಲು ಇನ್ನೂ ವೇಳೆ ಇರುತ್ತದೆ.

ಗಡುವೇ ಇಲ್ಲದ ಕೆಲಸಗಳಿಗೆ ‘ಚಿಕ್ಕದು ಮೊದಲು’ ಎಂಬ ನಿಯಮ ಸರಾಸರಿ ಕಾಯುವ ವೇಳೆಯನ್ನು ಅತಿ ಕಡಿಮೆ ಮಾಡುತ್ತದೆ. ಆದರೆ ಅದನ್ನೇ ನೆಚ್ಚಿಕೊಂಡರೆ ದೊಡ್ಡ ಕೆಲಸಗಳಿಗೆ ಎಂದೂ ಸರದಿ ಬರುವುದಿಲ್ಲ, ಏಕೆಂದರೆ ಚಿಕ್ಕವು ಬರುತ್ತಲೇ ಇರುತ್ತವೆ. ಪರಿಹಾರವನ್ನು 1956ರಲ್ಲೇ ಸ್ಮಿತ್ ಕೊಟ್ಟಿದ್ದಾರೆ: ಮಹತ್ವಕ್ಕೆ ಅಂಕ ಕೊಟ್ಟು ಗಂಟೆಗಳಿಂದ ಭಾಗಿಸಿ, ಭಾಗಲಬ್ಧ ಹೆಚ್ಚಿರುವುದನ್ನು ಮೊದಲು ಮಾಡಿ. 8 ಅಂಕದ 4 ಗಂಟೆಯ ಕೆಲಸಕ್ಕೆ 2. 1 ಅಂಕದ 1 ಗಂಟೆಯ ಕೆಲಸಕ್ಕೆ 1. ದೊಡ್ಡದೇ ಮೊದಲು. ಅಂಕಗಳು ಒರಟಾಗಿದ್ದರೂ ಪರವಾಗಿಲ್ಲ. 1, 3, 8 ಎಂಬ ಮೂರೇ ದರ್ಜೆ ಸಾಕು.

ಈ ಲೆಕ್ಕವನ್ನು ಕಾಗದದ ಮೇಲೆ ಮಾಡಬೇಕಾದ ಕಾರಣವೂ ಇದೆ. ಲಾಭ ಕಡಿಮೆಯಿದ್ದರೂ ಗಡುವು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಜನ ಆ ಕೆಲಸವನ್ನೇ ಆರಿಸುತ್ತಾರೆ ಎಂದು 2018ರಲ್ಲಿ ಝು, ಯಾಂಗ್ ಮತ್ತು ಶೀ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಮನಸ್ಸಿನ ತಕ್ಕಡಿಗೆ ಬಿಟ್ಟರೆ ಅದು ತುರ್ತಿನ ಕಡೆಗೇ ವಾಲುತ್ತದೆ.

ಎಷ್ಟು ಹೊತ್ತು

ಮೇಲಿನ ಲೆಕ್ಕವೆಲ್ಲ ಅಂದಾಜಿನ ಮೇಲೆ ನಿಂತಿದೆ, ಮತ್ತು ನಮ್ಮ ಅಂದಾಜು ಒಂದೇ ದಿಕ್ಕಿಗೆ ತಪ್ಪುತ್ತದೆ. 1994ರಲ್ಲಿ ಪ್ರಕಟವಾದ ಬ್ಯೂಲರ್, ಗ್ರಿಫಿನ್, ರಾಸ್ ಅವರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 33.9 ದಿನ ಬೇಕೆಂದರು, ಹಿಡಿದದ್ದು 55.5 ದಿನ. ‘ಎಲ್ಲವೂ ಕೆಟ್ಟರೆ ಎಷ್ಟು?’ ಎಂದು ಕೇಳಿದಾಗ ಅವರು ಹೇಳಿದ್ದು 48.6. ಅಂದರೆ ನಾವು ಕೆಟ್ಟ ಸ್ಥಿತಿ ಎಂದು ಊಹಿಸಿಕೊಳ್ಳುವುದೂ ನಿಜಕ್ಕಿಂತ ಚೆನ್ನಾಗಿಯೇ ಇರುತ್ತದೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಕಾರಣ ಗುರುತಿಸಿದ್ದರು: ಎದುರಿನ ಕೆಲಸದ ಹಂತಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ಲೆಕ್ಕ ಹಾಕುತ್ತೇವೆ, ಇಂಥವೇ ಹಿಂದಿನ ಕೆಲಸಗಳು ಎಷ್ಟು ಹಿಡಿದವು ಎಂದು ನೋಡುವುದಿಲ್ಲ.

ಹಾಗಾಗಿ ದಾಖಲೆ ಇಡಿ. ಕೆಲಸ ಶುರುಮಾಡುವ ಮೊದಲು ಅಂದಾಜು ಬರೆಯಿರಿ, ಮುಗಿದ ಕೂಡಲೇ ನಿಜ ಬರೆಯಿರಿ, ನಿಜವನ್ನು ಅಂದಾಜಿನಿಂದ ಭಾಗಿಸಿ. 2 ಗಂಟೆ ಅಂದದ್ದು 3 ಹಿಡಿದರೆ 1.5. ಹತ್ತು ಕೆಲಸಗಳ ಭಾಗಲಬ್ಧ ಸೇರಿದ ಮೇಲೆ ಏರಿಕೆಯ ಕ್ರಮದಲ್ಲಿ ಜೋಡಿಸಿ. ನಡುವಿನದು, ಅಂದರೆ ಐದು ಮತ್ತು ಆರನೆಯವುಗಳ ಸರಾಸರಿ, ನಿಮ್ಮ ಸ್ವಂತ ಯೋಜನೆಗೆ ಗುಣಕ; ಹೊಸ ಕೆಲಸದ ಅಂದಾಜನ್ನು ಅದರಿಂದ ಗುಣಿಸಿ. ಇನ್ನೊಬ್ಬರಿಗೆ ಮಾತು ಕೊಡುವಾಗ ಎಂಟನೆಯದನ್ನು ಬಳಸಿ; ಹಿಂದಿನ ಹತ್ತರಲ್ಲಿ ಎಂಟು ಕೆಲಸ ಅದರೊಳಗೇ ಮುಗಿದಿವೆ. ನಡುವಿನ ಗುಣಕ ಹಿಡಿದು ಮಾತು ಕೊಟ್ಟರೆ ಅರ್ಧದಷ್ಟು ಸಲ ತಪ್ಪುತ್ತೀರಿ.

ಇಲ್ಲಿ ಆಗುವ ಎಡವಟ್ಟುಗಳು ಎರಡು. ಸಂಜೆ ಕೂತು ನೆನಪಿನಿಂದ ತುಂಬುವುದು: ಆಗ ನೆನಪು ಅಂದಾಜಿಗೆ ಹೊಂದಿಕೊಂಡುಬಿಡುತ್ತದೆ. ಇನ್ನೊಂದು, ‘ಅವತ್ತು ಮಧ್ಯೆ ಮೀಟಿಂಗ್ ಬಂತು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು’ ಎಂದು ತಡವಾದ ಕೆಲಸವನ್ನು ಪಟ್ಟಿಯಿಂದಲೇ ತೆಗೆಯುವುದು. ಮುಂದಿನ ಕೆಲಸದ ಮಧ್ಯೆಯೂ ಏನೋ ಒಂದು ಬಂದೇ ಬರುತ್ತದೆ. ಅದಕ್ಕೆ ಗುಣಕದಲ್ಲಿ ಜಾಗ ಇರಬೇಕು. ಬರವಣಿಗೆ, ಲೆಕ್ಕಪತ್ರ, ಬೇರೆಯವರ ಒಪ್ಪಿಗೆ ಬೇಕಾದ ಕೆಲಸ ಇವುಗಳ ಗುಣಕ ಬೇರೆ ಬೇರೆ ಬರುವುದರಿಂದ ದಾಖಲೆ ಬೆಳೆದಂತೆ ಬೇರ್ಪಡಿಸಿ.

ದಿನವನ್ನು ಪೂರ್ತಿ ತುಂಬಬಾರದು

ಕೆಲಸಗಳು ಹೇಳಿ ಕೇಳಿ ಬರದಿದ್ದಾಗ, ಒಂದೊಂದರ ಉದ್ದವೂ ಹೆಚ್ಚು ಕಡಿಮೆಯಾಗುವಾಗ, ಹೊಸ ಕೆಲಸ ಕಾಯಬೇಕಾದ ವೇಳೆ ದಿನ ಎಷ್ಟು ತುಂಬಿದೆ ಎಂಬುದರ ಮೇಲೆ ನಿಂತಿದೆ. ಸರದಿ ಸಿದ್ಧಾಂತದ ಅತ್ಯಂತ ಸರಳ ಮಾದರಿಯಲ್ಲಿ ಆ ವೇಳೆ ಹೀಗಿರುತ್ತದೆ: ತುಂಬಿದ ಭಾಗವನ್ನು ಖಾಲಿ ಭಾಗದಿಂದ ಭಾಗಿಸಿ, ಒಂದು ಕೆಲಸದ ಸರಾಸರಿ ಉದ್ದದಿಂದ ಗುಣಿಸಿ. ಅರ್ಧ ಗಂಟೆಯ ಕೆಲಸಗಳೆಂದುಕೊಂಡರೆ, ಶೇ. 80 ತುಂಬಿದ ದಿನದಲ್ಲಿ ಕಾಯುವುದು ಸರಾಸರಿ 2 ಗಂಟೆ, ಶೇ. 90ಕ್ಕೆ ನಾಲ್ಕೂವರೆ ಗಂಟೆ, ಶೇ. 95ಕ್ಕೆ ಒಂಬತ್ತೂವರೆ ಗಂಟೆ. ಕೊನೆಯ ಶೇ. 15ರಷ್ಟು ಜಾಗ ತುಂಬಿದ್ದಕ್ಕೆ ಕಾಯುವ ವೇಳೆ ಸುಮಾರು ಐದು ಪಟ್ಟು! ನಿಮ್ಮ ಮೇಜು ಈ ಮಾದರಿಯ ಪಡಿಯಚ್ಚಲ್ಲ, ಆದರೂ ರೇಖೆ ಏರುವ ರೀತಿ ಇದೇ.

ಆದ್ದರಿಂದ 8 ಗಂಟೆಯ ದಿನದಲ್ಲಿ ಮೀಟಿಂಗ್‌ಗೆ ಒಂದೂವರೆ ಗಂಟೆ, ಇಮೇಲಿಗೆ ಒಂದು ಗಂಟೆ ಹೋದರೆ ಉಳಿದ ಐದೂವರೆಯಲ್ಲಿ ನಾಲ್ಕೂವರೆಗಿಂತ ಹೆಚ್ಚು ಯೋಜಿಸಬೇಡಿ. ಏನೂ ಅಡ್ಡ ಬರದಿದ್ದರೆ ನಾಳೆಯ ಕೆಲಸವನ್ನು ಎಳೆದುಕೊಂಡರಾಯಿತು.

ಅಡ್ಡಿಗಳು

ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರ 2008ರ ಪ್ರಯೋಗದ ಫಲ ಇನ್ನೂ ಸೂಕ್ಷ್ಮ: ಅಡ್ಡಿಗೊಳಗಾದವರು ಕೆಲಸವನ್ನು ಬೇಗನೇ ಮುಗಿಸಿದರು, ಆದರೆ ಒತ್ತಡ ಮತ್ತು ಕಿರಿಕಿರಿ ಹೆಚ್ಚಾಗಿತ್ತು. ಸಂಜೆಗೆ ಕೆಲಸ ಮುಗಿದೂ ಹೈರಾಣಾಗಿರುವುದಕ್ಕೆ ಇದೂ ಒಂದು ಕಾರಣ.

ತಪ್ಪಿಸಲಾಗದ ಅಡ್ಡಿಗೆ ಲೆರಾಯ್ ಮತ್ತು ಗ್ಲೋಂಬ್ 2018ರಲ್ಲಿ ಪರೀಕ್ಷಿಸಿದ ಉಪಾಯ ಚೆನ್ನಾಗಿದೆ. ಎದ್ದು ಹೋಗುವ ಮೊದಲು ಒಂದು ನಿಮಿಷದಲ್ಲಿ ಬರೆದಿಡಿ: ಎಲ್ಲಿಯವರೆಗೆ ಬಂದಿದ್ದೇನೆ, ಮರಳಿ ಬಂದಾಗ ಮೊದಲು ಏನು ಮಾಡಬೇಕು. ‘ವರದಿ ಮುಂದುವರಿಸು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮೂರನೇ ಕೋಷ್ಟಕದ ಮೊತ್ತ ಮೂಲ ಹಾಳೆಯೊಂದಿಗೆ ತಾಳೆ ನೋಡು’ ಎಂಬಷ್ಟು ನಿಖರವಾಗಿರಲಿ.

ಇಮೇಲ್ ವಿಷಯ ಬೇಗ ಮುಗಿಸಬಹುದು. ದಿನಕ್ಕೆ ಮೂರೇ ಸಲ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆಯಾಗಿತ್ತು ಎಂದು ಕುಶ್ಲೆವ್ ಮತ್ತು ಡನ್ 2015ರಲ್ಲಿ ವರದಿ ಮಾಡಿದ್ದಾರೆ. ನೋಟಿಫಿಕೇಶನ್ ಆರಿಸಿ, ಹೊತ್ತು ಗೊತ್ತು ಮಾಡಿ, ಜೊತೆಗೆ ‘ತುರ್ತಿದ್ದರೆ ಫೋನ್ ಮಾಡಿ’ ಎಂದು ತಂಡಕ್ಕೆ ತಿಳಿಸಿ. ಈ ಕೊನೆಯ ಮಾತು ಬಿಟ್ಟುಹೋದರೆ ಎರಡೇ ದಿನದಲ್ಲಿ ಹಳೆಯ ಅಭ್ಯಾಸಕ್ಕೆ ಮರಳುತ್ತೀರಿ, ಏನೋ ತಪ್ಪಿಹೋಯಿತೇನೋ ಎಂಬ ದಿಗಿಲಿನಿಂದ.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ಶುರುಮಾಡಲು ಮನಸ್ಸಾಗದ ಕೆಲಸಕ್ಕೆ ಒಳ್ಳೆಯದು. ಕೋಡ್ ಬರೆಯುವಂಥ, ಹಿಡಿತ ಸಿಗಲು ಹೊತ್ತು ಬೇಕಾದ ಕೆಲಸವನ್ನು ಅದು ಮಧ್ಯದಲ್ಲೇ ಕಡಿಯುತ್ತದೆ. ಅಲ್ಲಿ 90 ನಿಮಿಷದ ಒಂದು ಅವಧಿಯನ್ನು ಕ್ಯಾಲೆಂಡರಿನಲ್ಲಿ ಕಾದಿರಿಸುವುದು ಮೇಲು.

ಹೊಸ ಕೆಲಸ ಬಂದಾಗ

ವಾರಕ್ಕೆ 5 ಬಂದು 4 ಮುಗಿಯುತ್ತಿದ್ದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಮೇಲಿನ ಯಾವ ಉಪಾಯವೂ ಅದನ್ನು ತಡೆಯುವುದಿಲ್ಲ. ಬಂದದ್ದೆಷ್ಟು, ಮುಗಿದದ್ದೆಷ್ಟು ಎಂದು ನಾಲ್ಕು ವಾರ ಎಣಿಸಿದರೆ ಇದು ಸ್ಪಷ್ಟವಾಗುತ್ತದೆ. ಆಗ ಮೇಲಿನವರ ಜೊತೆ ಮಾತಾಡಲೇಬೇಕು, ಮತ್ತು ‘ತುಂಬಾ ಕೆಲಸ ಇದೆ’ ಎಂಬ ದೂರಿಗಿಂತ ಅಂಕಿ ಇಟ್ಟುಕೊಂಡು ಕೇಳುವ ಪ್ರಶ್ನೆಗೆ ಉತ್ತರ ಸಿಗುವ ಸಂಭವ ಹೆಚ್ಚು: ‘ಸರ್, ಇದಕ್ಕೆ ಆರು ಗಂಟೆ ಬೇಕು. ಇವತ್ತು ಹಿಡಿದರೆ ವರದಿ ಗುರುವಾರಕ್ಕೆ ಹೋಗುತ್ತದೆ. ಎರಡರಲ್ಲಿ ಯಾವುದು ಮೊದಲಾಗಲಿ?’ ನಾಲ್ಕು ಕಾಲಮಿನ ಹಾಳೆಯನ್ನು ಜೊತೆಗೆ ಒಯ್ಯಿರಿ. ಅದರಲ್ಲಿ ಎರಡು ತಿಂಗಳಿಂದ ಅಲುಗಾಡದ ಬಾಕಿಗಳಿದ್ದರೆ ಅವನ್ನೂ ತೋರಿಸಿ, ಇನ್ನೂ ಬೇಕೇ ಎಂದು ಕೇಳಿ. ಕೇಳಿದವರೇ ಮರೆತಿರುವ ಕೆಲಸಗಳು ಅಲ್ಲಿ ಒಂದೆರಡಾದರೂ ಸಿಗುತ್ತವೆ, ಅವನ್ನು ಆಗಲೇ ಹೊಡೆದುಹಾಕಬಹುದು.