ಸಂಬಳದ ಮೊದಲ ಋತು: ನ್ಯೂಕ್ಯಾಸಲ್ ರಗ್ಬಿ ಕ್ಲಬ್ ಮತ್ತು ನೂರು ವರ್ಷಗಳ ವ್ಯಾಜ್ಯ

1996ರ ಅಕ್ಟೋಬರ್ ತಿಂಗಳ ಮೊದಲ ಶನಿವಾರ, ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕ್ಯಾಸಲ್ ನಗರದ ಕಿಂಗ್‌ಸ್ಟನ್ ಪಾರ್ಕ್ ಮೈದಾನದಲ್ಲಿ ರಗ್ಬಿ ಯೂನಿಯನ್ ಲೀಗಿನ ಎರಡನೇ ಡಿವಿಷನ್ನಿನ ಒಂದು ಪಂದ್ಯ ನಡೆಯಿತು. ಆತಿಥೇಯರು 156 ಅಂಕ ಗಳಿಸಿದರು. ಎದುರಾಳಿಗಳಿಗೆ ದಕ್ಕಿದ್ದು ಐದೇ ಅಂಕ. ಎಂಬತ್ತು ನಿಮಿಷಗಳ ಆಟದಲ್ಲಿ ನ್ಯೂಕ್ಯಾಸಲ್ ತಂಡ 24 ಟ್ರೈಗಳನ್ನು ಗಳಿಸಿತೆಂದರೆ, ಸರಾಸರಿ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೊಮ್ಮೆ ಯಾರಾದರೊಬ್ಬ ಆಟಗಾರ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಒತ್ತುತ್ತಿದ್ದ ಎಂದಾಯಿತು. ಸೋತ ತಂಡ ರಗ್ಬಿ ಎಂಬ ಊರಿನದು. ಈ ಆಟಕ್ಕೆ ಹೆಸರು ಬಂದಿದ್ದು ಅದೇ ಊರಿನ ಶಾಲೆಯಿಂದ.

ಒಂದೇ ಡಿವಿಷನ್ನಿನಲ್ಲಿರುವ ಎರಡು ತಂಡಗಳ ನಡುವೆ ಇಷ್ಟು ಅಂತರ ಆಟದ ಕೌಶಲದಿಂದಷ್ಟೇ ಹುಟ್ಟುವುದಿಲ್ಲ. ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡಬಹುದೆಂದು ಇಂಗ್ಲೆಂಡಿನ ಕ್ಲಬ್ ರಗ್ಬಿ ಒಪ್ಪಿಕೊಂಡ ಮೇಲೆ ಬಂದ ಮೊದಲ ಪೂರ್ಣ ಋತು ಅದು. ನ್ಯೂಕ್ಯಾಸಲ್ ಅದಕ್ಕೆ ಒಂದು ವರ್ಷ ಮೊದಲೇ ಸಿದ್ಧತೆ ನಡೆಸಿತ್ತು. ಆ ಒಂದು ವರ್ಷದಲ್ಲಿ ಏನಾಯಿತು, ಅದಕ್ಕೂ ಹಿಂದಿನ ನೂರು ವರ್ಷ ಈ ಆಟ ಹಣದ ಮಾತೆತ್ತಿದರೆ ಏಕೆ ಬೆಚ್ಚುತ್ತಿತ್ತು ಎಂಬುದನ್ನು ತಿಳಿಯದೆ ಆ ಅಂಕಪಟ್ಟಿಯ ಅರ್ಥ ಆಗುವುದಿಲ್ಲ.

ವ್ಯಾಜ್ಯದ ಬೇರು ಇರುವುದು ಉತ್ತರ ಇಂಗ್ಲೆಂಡಿನ ಗಿರಣಿ ಮತ್ತು ಗಣಿಗಳಲ್ಲಿ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಯಾರ್ಕ್‌ಷೈರ್ ಮತ್ತು ಲ್ಯಾಂಕಾಷೈರ್ ಪ್ರಾಂತ್ಯಗಳ ಕಾರ್ಮಿಕರು ರಗ್ಬಿಯನ್ನು ತಮ್ಮದಾಗಿಸಿಕೊಂಡಿದ್ದರು. ಶನಿವಾರ ಬೆಳಗ್ಗೆಯೂ ಅವರಿಗೆ ಪಾಳಿ ಇರುತ್ತಿತ್ತು. ಬೇರೆ ಊರಿಗೆ ಪಂದ್ಯಕ್ಕೆ ಹೋಗಬೇಕೆಂದರೆ ಆ ಪಾಳಿಯ ಕೂಲಿ ಹೋಗುತ್ತಿತ್ತು. ವಕೀಲರಿಗೋ ವೈದ್ಯರಿಗೋ ಅಂಥ ನಷ್ಟವಿರಲಿಲ್ಲ. ನೇಕಾರನ ಮನೆಯಲ್ಲಿ ಮಾತ್ರ ಆ ವಾರದ ಲೆಕ್ಕ ಏರುಪೇರಾಗುತ್ತಿತ್ತು. ಹೀಗೆ ತಪ್ಪಿದ ಕೂಲಿಯನ್ನಷ್ಟೇ ಕ್ಲಬ್ಬುಗಳು ತುಂಬಿಕೊಡಲಿ ಎಂಬ ಠರಾವನ್ನು ಯಾರ್ಕ್‌ಷೈರಿನ ಪ್ರತಿನಿಧಿಗಳು 1893ರಲ್ಲಿ ಲಂಡನ್ನಿನಲ್ಲಿ ನಡೆದ, ಆಟದ ಆಡಳಿತ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಯೂನಿಯನ್ನಿನ ಸಭೆಯ ಮುಂದಿಟ್ಟರು. ಅವರು ಕೇಳಿದ್ದು ಸಂಬಳವಲ್ಲ, ನಷ್ಟ ಪರಿಹಾರ. ಠರಾವಿನ ಪರ 136, ವಿರುದ್ಧ 282 ಮತಗಳು ಬಿದ್ದವು. ಎರಡು ವರ್ಷಗಳ ಬಳಿಕ, 1895ರ ಆಗಸ್ಟ್ 29ರಂದು, ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಯೂನಿಯನ್ನಿನಿಂದ ಹೊರಬರಲು ತೀರ್ಮಾನಿಸಿದವು. ಅವು ಕಟ್ಟಿದ ಸಂಸ್ಥೆ ಮೊದಲಿಗೆ ದಿನಕ್ಕೆ ಆರು ಶಿಲಿಂಗ್ ಮೀರದಂತೆ ಕೂಲಿನಷ್ಟ ಕೊಡಲು ಒಪ್ಪಿತು. ಮುಂದೆ ನಿಯಮಗಳನ್ನು ಬದಲಿಸಿಕೊಂಡು, ಹದಿಮೂರು ಜನರ ತಂಡದ ರಗ್ಬಿ ಲೀಗ್ ಎಂಬ ಬೇರೆಯದೇ ಆಟವಾಗಿ ಅದು ಬೆಳೆಯಿತು.

ಒಡಕಿನ ನಂತರ ಹದಿನೈದು ಜನರ ರಗ್ಬಿ ಯೂನಿಯನ್ ತನ್ನ ಬಾಗಿಲನ್ನು ಇನ್ನಷ್ಟು ಭದ್ರಪಡಿಸಿಕೊಂಡಿತು. ದುಡ್ಡಿಗಾಗಿ ರಗ್ಬಿ ಲೀಗ್ ಆಡಿದವನು ಮತ್ತೆ ಯೂನಿಯನ್ ಮೈದಾನಕ್ಕೆ ಬರುವಂತಿರಲಿಲ್ಲ. ನಿಷೇಧ ಎಷ್ಟು ದೂರ ಹೋಗುತ್ತಿತ್ತೆಂದರೆ, 1980ರಲ್ಲಿ ಇಂಗ್ಲೆಂಡ್ ತಂಡವನ್ನು ಗ್ರ್ಯಾಂಡ್ ಸ್ಲ್ಯಾಮ್ ಗೆಲುವಿಗೆ (ಐದು ದೇಶಗಳ ವಾರ್ಷಿಕ ಪಂದ್ಯಾವಳಿಯಲ್ಲಿ ಎಲ್ಲ ಎದುರಾಳಿಗಳನ್ನೂ ಸೋಲಿಸುವ ಸಾಧನೆ) ಮುನ್ನಡೆಸಿದ ಬಿಲ್ ಬೋಮಂಟ್, ನಿವೃತ್ತಿಯ ನಂತರ ಬರೆದ ಆತ್ಮಕಥೆಯ ಗೌರವಧನವನ್ನು ತಾವೇ ಇಟ್ಟುಕೊಂಡ ಕಾರಣಕ್ಕೆ ವೃತ್ತಿಪರರೆಂದು ಗುರುತಿಸಲ್ಪಟ್ಟು, ವರ್ಷಗಳ ಕಾಲ ಆಟದ ಆಡಳಿತದಿಂದ ದೂರ ಉಳಿಯಬೇಕಾಯಿತು. ಹವ್ಯಾಸಿ ಆಟದ ಘನತೆಯ ಬಗ್ಗೆ ಅಂದಿನ ಆಡಳಿತಗಾರರಿಗಿದ್ದ ನಂಬಿಕೆ ಪ್ರಾಮಾಣಿಕವೇ ಆಗಿದ್ದಿರಬಹುದು. ಆದರೆ ಆ ನಿಯಮದ ಭಾರವೆಲ್ಲ ಬಿದ್ದದ್ದು ಕೂಲಿಯಿಂದ ಬದುಕುವವರ ಹೆಗಲ ಮೇಲೆ ಎಂಬುದನ್ನು ಯಾವ ಘನತೆಯೂ ಮುಚ್ಚಿಡಲಾರದು.

1995ರ ವಿಶ್ವಕಪ್ ಈ ಕಟ್ಟುಪಾಡಿಗೆ ಕೊನೆಯ ಪೆಟ್ಟು ಕೊಟ್ಟಿತು. ಫೈನಲ್ಲಿನ ಹಿಂದಿನ ದಿನ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಒಕ್ಕೂಟಗಳು ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ಅವರ ಕಂಪನಿಯೊಡನೆ ಹತ್ತು ವರ್ಷಗಳಿಗೆ 55 ಕೋಟಿ ಡಾಲರುಗಳ ಟಿವಿ ಪ್ರಸಾರದ ಒಪ್ಪಂದವನ್ನು ಪ್ರಕಟಿಸಿದವು. ಮರ್ಡಾಕ್‌ರಂತೆಯೇ ಮಾಧ್ಯಮ ಉದ್ಯಮಿಯಾಗಿದ್ದ ಕೆರಿ ಪ್ಯಾಕರ್ ಅವರ ಬೆಂಬಲವಿದ್ದ ಇನ್ನೊಂದು ಗುಂಪು ಅದೇ ಹೊತ್ತಿಗೆ ಆಟಗಾರರನ್ನು ನೇರವಾಗಿ ಸೆಳೆಯಲು ಓಡಾಡುತ್ತಿತ್ತು. ಆಗಸ್ಟ್ ಕೊನೆಯಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ರಗ್ಬಿ ಮಂಡಳಿ, ಆಟ ಇನ್ನು ಮುಂದೆ ಮುಕ್ತ, ಅಂದರೆ ಆಟಗಾರರಿಗೆ ಹಣ ಕೊಡಬಹುದು ಎಂದು ಸಾರಿತು. ಹಡರ್ಸ್‌ಫೀಲ್ಡಿನ ಸಭೆಗೆ ನೂರು ವರ್ಷ ತುಂಬಲು ಆಗ ಉಳಿದದ್ದು ಬೆರಳೆಣಿಕೆಯ ದಿನಗಳು.

ಮುಂದಿನದನ್ನೆಲ್ಲ ನಿರ್ಧರಿಸಿದ ತಪ್ಪು ನಡೆದದ್ದು ಇಲ್ಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ದಕ್ಷಿಣ ಗೋಳಾರ್ಧದ ಮೂರೂ ದೇಶಗಳಲ್ಲಿ ರಾಷ್ಟ್ರೀಯ ಒಕ್ಕೂಟಗಳೇ ತಮ್ಮ ಮುಖ್ಯ ಆಟಗಾರರೊಡನೆ ತಡಮಾಡದೆ ಕರಾರು ಮಾಡಿಕೊಂಡವು. ಇಂಗ್ಲೆಂಡಿನ ಒಕ್ಕೂಟವಾದ ರಗ್ಬಿ ಫುಟ್‌ಬಾಲ್ ಯೂನಿಯನ್ ಮಾತ್ರ ವಿಷಯವನ್ನು ಅಧ್ಯಯನ ಮಾಡಬೇಕೆಂದು ಹೇಳಿ, ಕ್ಲಬ್ ಮಟ್ಟದಲ್ಲಿ ಸಂಬಳ ನೀಡುವುದನ್ನು ಒಂದು ಋತುವಿನ ಮಟ್ಟಿಗೆ ತಡೆಹಿಡಿಯಿತು. ಒಕ್ಕೂಟ ಕೈಕಟ್ಟಿ ಕುಳಿತ ಆ ವರ್ಷದಲ್ಲಿ ಹಣವಂತರು ಕುಳಿತಿರಲಿಲ್ಲ. ಸಂಬಳ ಕೊಡುವುದು ಮುಂದಿನ ವರ್ಷವಾದರೂ ಮಾತುಕತೆ, ಕರಾರು, ನೇಮಕ ಎಲ್ಲವನ್ನೂ ಈ ವರ್ಷವೇ ಮುಗಿಸಿಕೊಳ್ಳಲು ಅಡ್ಡಿ ಇರಲಿಲ್ಲ. ತಡೆ ತೆರವಾಗುವ ಹೊತ್ತಿಗೆ ಇಂಗ್ಲೆಂಡ್ ತಂಡದ ಆಟಗಾರರ ಉದ್ಯೋಗದಾತರು ಯಾರು ಎಂಬ ಪ್ರಶ್ನೆ ಇತ್ಯರ್ಥವಾಗಿಹೋಗಿತ್ತು. ಅದಕ್ಕೆ ಸಿಕ್ಕ ಉತ್ತರ: ಕ್ಲಬ್ಬುಗಳು, ಅಂದರೆ ಅವುಗಳ ಮಾಲೀಕರು.

ಮೊದಲು ನುಗ್ಗಿದವರು ಸರ್ ಜಾನ್ ಹಾಲ್. ನಾರ್ತಂಬರ್ಲೆಂಡಿನ ಗಣಿ ಕಾರ್ಮಿಕರೊಬ್ಬರ ಮಗ, ಗೇಟ್ಸ್‌ಹೆಡ್ಡಿನ ಬೃಹತ್ ಮಾರಾಟ ಮಳಿಗೆಗಳ ಸಂಕೀರ್ಣವಾದ ಮೆಟ್ರೋಸೆಂಟರನ್ನು ಕಟ್ಟಿದವರು, ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬನ್ನು ಕೈಗೆ ತೆಗೆದುಕೊಂಡು ಮತ್ತೆ ಮೇಲೆತ್ತಿದವರು. ಬಾರ್ಸಿಲೋನಾದಲ್ಲಿ ಒಂದೇ ಹೆಸರಿನಡಿ ಹಲವು ಆಟಗಳ ತಂಡಗಳಿರುವಂತೆ ತಮ್ಮ ಊರಿನಲ್ಲೂ ಫುಟ್‌ಬಾಲ್, ರಗ್ಬಿ, ಐಸ್ ಹಾಕಿ, ಬಾಸ್ಕೆಟ್‌ಬಾಲ್ ಎಲ್ಲವೂ ಒಂದೇ ಮನೆಯಲ್ಲಿರಬೇಕೆಂಬುದು ಅವರ ಕನಸು. ಪ್ಯಾರಿಸ್ ತೀರ್ಮಾನದ ಬೆನ್ನಲ್ಲೇ, ಸೆಪ್ಟೆಂಬರಿನಲ್ಲಿ, ಅವರು ನ್ಯೂಕ್ಯಾಸಲ್ ಗಾಸ್ಫೋರ್ತ್ ಕ್ಲಬ್ಬನ್ನು ವಶಕ್ಕೆ ತೆಗೆದುಕೊಂಡರು. 1877ರಲ್ಲಿ ಹುಟ್ಟಿ, 1976 ಮತ್ತು 1977ರಲ್ಲಿ ಸತತವಾಗಿ ರಾಷ್ಟ್ರೀಯ ಕಪ್ ಗೆದ್ದಿದ್ದ ಹಳೆಯ ಕ್ಲಬ್ ಅದು. ಆದರೆ ಆಗ ಎರಡನೇ ಡಿವಿಷನ್ನಿನಲ್ಲಿ ಏದುಸಿರು ಬಿಡುತ್ತಿತ್ತು.

ಹಾಲ್ ಅವರು ತಂಡ ಕಟ್ಟುವ ಹೊಣೆ ವಹಿಸಿದ್ದು ರಾಬ್ ಆಂಡ್ರ್ಯೂ ಅವರಿಗೆ. ಆ ವರ್ಷದ ಜೂನ್‌ನಲ್ಲಷ್ಟೇ ವಿಶ್ವಕಪ್ ಕ್ವಾರ್ಟರ್ ಫೈನಲ್ಲಿನ ಕಡೆಯ ಗಳಿಗೆಯಲ್ಲಿ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೇಳುವಾಗ ಕಂಬಗಳ ನಡುವೆ ಒದೆಯುವ ಗೋಲ್) ಹೊಡೆದು ಆಸ್ಟ್ರೇಲಿಯಾವನ್ನು 25–22ರಿಂದ ಮನೆಗೆ ಕಳಿಸಿದ್ದ ಆಟಗಾರ ಅವರು. ವಾರದ ದಿನಗಳಲ್ಲಿ ಅವರು ಲಂಡನ್ನಿನಲ್ಲಿ ಚಾರ್ಟರ್ಡ್ ಸರ್ವೇಯರ್ ಆಗಿ ದುಡಿಯುತ್ತಿದ್ದರು, ವಾರಾಂತ್ಯದಲ್ಲಿ ವಾಸ್ಪ್ಸ್ ಕ್ಲಬ್ಬಿಗೆ ಆಡುತ್ತಿದ್ದರು. ಈಗ ರಗ್ಬಿಯೇ ಅವರ ನೌಕರಿಯಾಯಿತು. ವಾಸ್ಪ್ಸ್‌ನಿಂದ ಡೀನ್ ರಯಾನ್ ಮತ್ತು ಸ್ಟೀವ್ ಬೇಟ್ಸ್ ಕೂಡ ಅವರೊಂದಿಗೆ ಹೊರಟರು.

ಸ್ಟೀವ್ ಬೇಟ್ಸ್ ಅವರ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ಹವ್ಯಾಸಿ ಯುಗದ ಆಟಗಾರನ ಬದುಕು ಹೇಗಿತ್ತು ಎಂಬುದು ಅವರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರು ಹ್ಯಾಂಪ್‌ಷೈರಿನ ಲಾರ್ಡ್ ವಾಂಡ್ಸ್‌ವರ್ತ್ ಕಾಲೇಜು ಎಂಬ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಅಲ್ಲಿ ಅವರ ಕೈಕೆಳಗೆ ರಗ್ಬಿ ಕಲಿಯುತ್ತಿದ್ದವರಲ್ಲಿ ಜಾನಿ ವಿಲ್ಕಿನ್ಸನ್ ಎಂಬ ಹುಡುಗನೂ ಇದ್ದ. ಮೇಷ್ಟ್ರು ಕೆಲಸ ಬಿಟ್ಟು ನ್ಯೂಕ್ಯಾಸಲ್‌ಗೆ ಹೋದರು. ಶಾಲೆ ಮುಗಿಸಿದ ಶಿಷ್ಯ 1997ರಲ್ಲಿ ಅವರನ್ನೇ ಅರಸಿಕೊಂಡು ಉತ್ತರಕ್ಕೆ ಬಂದ. ಆರು ವರ್ಷಗಳ ಬಳಿಕ ಅದೇ ವಿಲ್ಕಿನ್ಸನ್ ಸಿಡ್ನಿಯಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ತಂದುಕೊಟ್ಟ ಡ್ರಾಪ್ ಗೋಲ್ ಹೊಡೆದರು.

1995–96ರ ಋತು ನ್ಯೂಕ್ಯಾಸಲ್ ಪಾಲಿಗೆ ಕಾಯುವಿಕೆಯ ಋತುವಾಯಿತು. ಕ್ಲಬ್ ಬದಲಿಸಿದ ಆಟಗಾರ 120 ದಿನ ಲೀಗ್ ಪಂದ್ಯ ಆಡುವಂತಿಲ್ಲ ಎಂಬ ನಿಯಮವಿದ್ದುದರಿಂದ, ಹೊಸಬರು ಬಂದರೂ ಮೈದಾನಕ್ಕೆ ಇಳಿಯಲಾಗದೆ ದಿನ ಎಣಿಸಬೇಕಾಯಿತು. ಹತ್ತು ತಂಡಗಳ ಡಿವಿಷನ್ನಿನಲ್ಲಿ ನ್ಯೂಕ್ಯಾಸಲ್ ಎಂಟನೆಯದಾಗಿ ಮುಗಿಸಿತು. ಹದಿನೆಂಟಕ್ಕೆ ಹದಿನೆಂಟೂ ಪಂದ್ಯ ಗೆದ್ದ ನಾರ್ತಾಂಪ್ಟನ್ ಮೊದಲ ಡಿವಿಷನ್ನಿಗೆ ಬಡ್ತಿ ಪಡೆಯಿತು. ಹಾಲ್ ಹಣ ಸುರಿದದ್ದು ವ್ಯರ್ಥವಾಯಿತೇ ಎಂದು ಹೊರಗಿನಿಂದ ನೋಡಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

1996ರ ಮೇ ತಿಂಗಳಲ್ಲಿ ತಡೆ ತೆರವಾಯಿತು. ಸ್ಕಾಟ್ಲೆಂಡಿನ ಗಡಿಸೀಮೆಯಿಂದ ಗ್ಯಾರಿ ಆರ್ಮ್‌ಸ್ಟ್ರಾಂಗ್ ಮತ್ತು ಡಾಡಿ ವಿಯರ್ ಬಂದಿದ್ದರು. ದೇಶದ ತಂಡಕ್ಕೆ ಆಡುತ್ತಲೇ ಲಾರಿ ಓಡಿಸಿ ಸಂಸಾರ ನಡೆಸಿದ್ದವರು ಆರ್ಮ್‌ಸ್ಟ್ರಾಂಗ್. ಐರ್ಲೆಂಡಿನ ನಿಕ್ ಪಾಪಲ್‌ವೆಲ್, ಸಮೋವಾದ ಪ್ಯಾಟ್ ಲ್ಯಾಮ್, ಇಂಗ್ಲೆಂಡಿನ ಟೋನಿ ಅಂಡರ್‌ವುಡ್ ಸೇರಿಕೊಂಡರು. ಹಿಂದೊಮ್ಮೆ ರಗ್ಬಿ ಲೀಗಿಗೆ ಹೋದದ್ದಕ್ಕೆ ಯೂನಿಯನ್ನಿನಿಂದ ಬಹಿಷ್ಕೃತರಾಗಿದ್ದ ಅಲನ್ ಟೇಟ್ ಮತ್ತು ಜಾನ್ ಬೆಂಟ್ಲಿ ವರ್ಷಗಳ ನಂತರ ತಮ್ಮ ಹಳೆಯ ಆಟಕ್ಕೆ ಮರಳಿದರು. 1997ರ ಆರಂಭದಲ್ಲಿ ವಿಗನ್ ಎಂಬ ರಗ್ಬಿ ಲೀಗ್ ಕ್ಲಬ್ಬಿನಿಂದ ವಾ'ಇಗಾ ಟುಯಿಗಮಾಲ ಬಂದಾಗ ಅದನ್ನು ಸುಮಾರು ಹತ್ತು ಲಕ್ಷ ಪೌಂಡುಗಳ ವ್ಯವಹಾರವೆಂದು ಪತ್ರಿಕೆಗಳು ವರದಿ ಮಾಡಿದವು. ದಿನಕ್ಕೆ ಆರು ಶಿಲಿಂಗ್ ಕೊಟ್ಟರೆ ಆಟ ಕೆಡುತ್ತದೆ ಎಂದು ಒಡೆದುಹೋಗಿದ್ದ ಆಟದಲ್ಲಿ ಈ ಮೊತ್ತ ಕೇಳಿಬಂತು.

ಇಂಥ ತಂಡ ಎರಡನೇ ಡಿವಿಷನ್ನಿನಲ್ಲಿ ಇದ್ದದ್ದೇ ಆ ಋತುವಿನ ವಿಚಿತ್ರ. ದಿನವಿಡೀ ಅಭ್ಯಾಸ ಮಾಡುವ, ವಿಶ್ರಾಂತಿಯೂ ಆಹಾರವೂ ಕೆಲಸದ ಭಾಗವೇ ಆಗಿರುವ ಆಟಗಾರರ ಎದುರು, ಆ ಬಗೆಯ ಹಣ ಕಾಣದ ಕ್ಲಬ್ಬುಗಳು ನಿಲ್ಲಬೇಕಾಯಿತು. ಮೊದಲ ಅರ್ಧಗಂಟೆ ಹೇಗೋ ತಡೆದು ನಿಂತರೂ ದ್ವಿತೀಯಾರ್ಧದಲ್ಲಿ ಕಾಲು ಸೋತ ಮೇಲೆ ಟ್ರೈಗಳನ್ನು ತಡೆಯುವ ದಾರಿಯೇ ಇರುವುದಿಲ್ಲ. ಋತುವಿನ 22 ಪಂದ್ಯಗಳಲ್ಲಿ ನ್ಯೂಕ್ಯಾಸಲ್ ಸಾವಿರಕ್ಕೂ ಹೆಚ್ಚು ಅಂಕ ಕಲೆಹಾಕಿತು. ಇಷ್ಟಾದರೂ ಅಗ್ರಸ್ಥಾನ ಸಿಗಲಿಲ್ಲ ಎಂಬುದನ್ನು ಹಲವರು ಮರೆತಿದ್ದಾರೆ. ತಾಮ್ರದ ವ್ಯಾಪಾರದಲ್ಲಿ ಹಣ ಮಾಡಿದ್ದ ಆ್ಯಶ್ಲಿ ಲೆವೆಟ್ ಅವರ ರಿಚ್ಮಂಡ್ ಕ್ಲಬ್ ಮೊದಲನೆಯದಾಯಿತು, ನ್ಯೂಕ್ಯಾಸಲ್ ಎರಡನೆಯದು. ಎರಡೂ ತಂಡಗಳು ಬಡ್ತಿ ಪಡೆದವು.

ಆ ಬೇಸಿಗೆಯಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೊರಟ ಬ್ರಿಟಿಷ್ ಲಯನ್ಸ್ ತಂಡದಲ್ಲಿ ಟೇಟ್, ಬೆಂಟ್ಲಿ, ಅಂಡರ್‌ವುಡ್, ವಿಯರ್ ನಾಲ್ವರೂ ಇದ್ದರು. ನಾಲ್ಕು ದೇಶಗಳ ಉತ್ತಮರನ್ನು ಆರಿಸಿ ಕಳಿಸುವ ತಂಡಕ್ಕೆ ಎರಡನೇ ಡಿವಿಷನ್ನಿನ ಒಂದೇ ಕ್ಲಬ್ಬಿನಿಂದ ಇಷ್ಟು ಜನ ಆಯ್ಕೆಯಾದರು. ಎರಡು ವರ್ಷ ಹಿಂದಾಗಿದ್ದರೆ ಟೇಟ್ ಮತ್ತು ಬೆಂಟ್ಲಿ ಯೂನಿಯನ್ನಿನ ಒಂದು ಊರಪಂದ್ಯಕ್ಕೂ ಅರ್ಹರಾಗಿರಲಿಲ್ಲ. ಈಗ ಅವರು ಲಯನ್ಸ್ ಅಂಗಿ ತೊಟ್ಟು ಸರಣಿ ಗೆದ್ದು ಬಂದರು. ಸಂಬಳದ ಆಟದಿಂದ ಬಂದ ಒಳಿತುಗಳಲ್ಲಿ ನಾನು ಮೊದಲು ಎಣಿಸುವುದು ಇದನ್ನೇ: ಶತಮಾನದ ಬಹಿಷ್ಕಾರ ಆ ಇಬ್ಬರ ಮೂಲಕ ಎಲ್ಲರ ಕಣ್ಣೆದುರು ಮುಗಿಯಿತು.

1997–98ರಲ್ಲಿ, ಬಡ್ತಿ ಪಡೆದ ಮೊದಲ ವರ್ಷವೇ, ನ್ಯೂಕ್ಯಾಸಲ್ ಇಂಗ್ಲೆಂಡಿನ ಚಾಂಪಿಯನ್ ಆಯಿತು. 22 ಪಂದ್ಯಗಳಲ್ಲಿ 19 ಗೆಲುವು, ಲೀಗ್ ಪಟ್ಟಿಯಲ್ಲಿ 38 ಅಂಕ. ಸಾರಸೆನ್ಸ್ ಒಂದೇ ಅಂಕದಿಂದ ಹಿಂದೆ ಉಳಿಯಿತು. ಸಾರಸೆನ್ಸ್‌ನ ಹಿಂದೆಯೂ ನೈಜಲ್ ರೇ ಎಂಬ ಸಿರಿವಂತರಿದ್ದರು. ಬಾತ್, ವಾಸ್ಪ್ಸ್, ಬೆಡ್‌ಫರ್ಡ್, ಗ್ಲಾಸ್ಟರ್ ಕ್ಲಬ್ಬುಗಳಿಗೂ ಅಷ್ಟರಲ್ಲಿ ಇಂಥವರೇ ಮಾಲೀಕರಾಗಿದ್ದರು.

ಹಣ ಬಂದದ್ದು ಮಾಲೀಕರ ಜೇಬಿನಿಂದ, ಟಿಕೆಟ್ ಮಾರಾಟದಿಂದಲ್ಲ ಎಂಬುದು ಬಹಳ ಬೇಗ ಗೋಚರವಾಯಿತು. ಕಿಂಗ್‌ಸ್ಟನ್ ಪಾರ್ಕ್ ಚಿಕ್ಕ ಮೈದಾನ. ಫುಟ್‌ಬಾಲಿಗೆ ಮನಸೋತ ಊರಿನಲ್ಲಿ ಅಂಥ ತಾರೆಯರ ಸಂಬಳ ಹುಟ್ಟುವಷ್ಟು ಪ್ರೇಕ್ಷಕರು ರಗ್ಬಿಗೆ ಇರಲಿಲ್ಲ. 1999ರಲ್ಲಿ ಹಾಲ್ ಅವರ ಬಳಗ ರಗ್ಬಿಯಿಂದ ಹಿಂದೆ ಸರಿಯಿತು, ಕ್ಲಬ್ ಬೇರೆಯವರ ಕೈ ಸೇರಿತು. ಹಲವು ಆಟಗಳ ಒಂದೇ ಮನೆಯ ಕನಸು ಅಲ್ಲಿಗೆ ನಿಂತಿತು. ರಿಚ್ಮಂಡ್ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಲೆವೆಟ್ ಕೈಬಿಟ್ಟ ಮೇಲೆ ಅದೇ ವರ್ಷ ಆ ಕ್ಲಬ್ ದಿವಾಳಿಯ ಅಂಚಿಗೆ ಬಂದು, ಅದರ ವೃತ್ತಿಪರ ತಂಡವನ್ನು ಲಂಡನ್ ಸ್ಕಾಟಿಷ್ ತಂಡದೊಂದಿಗೆ ಲಂಡನ್ ಐರಿಷ್‌ನಲ್ಲಿ ವಿಲೀನಗೊಳಿಸಲಾಯಿತು. 1861ರಲ್ಲಿ ಸ್ಥಾಪನೆಯಾದ ರಿಚ್ಮಂಡ್, ಲೀಗಿನ ತೀರಾ ಕೆಳಗಿನ ಮೆಟ್ಟಿಲಿನಿಂದ ಹವ್ಯಾಸಿಗಳೊಡನೆ ಮತ್ತೆ ಆಟ ಶುರುಮಾಡಿತು. ಆ ಲಂಡನ್ ಐರಿಷ್ ಕೂಡ 2023ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಹಿಂದಿನ ವರ್ಷ ವಾಸ್ಪ್ಸ್ ಮತ್ತು ವುಸ್ಟರ್ ಕ್ಲಬ್ಬುಗಳು ಸಾಲದಲ್ಲಿ ಮುಳುಗಿದ್ದವು.

ಆಟಗಾರರಿಗೆ ಸಂಬಳ ಕೊಟ್ಟದ್ದರಿಂದಲೇ ಈ ಕ್ಲಬ್ಬುಗಳು ಬಿದ್ದವು ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಐರ್ಲೆಂಡ್ ಮತ್ತು ನ್ಯೂಜಿಲೆಂಡಿನಲ್ಲೂ ಆಟಗಾರರಿಗೆ ಸಂಬಳವಿದೆ. ಅಲ್ಲಿ ಕರಾರು ಇರುವುದು ರಾಷ್ಟ್ರೀಯ ಒಕ್ಕೂಟದೊಡನೆ, ದೇಶದ ತಂಡ ಗಳಿಸಿದ ಹಣವೇ ಕೆಳಗಿನ ತಂಡಗಳನ್ನು ಸಾಕುತ್ತದೆ. ಇಂಗ್ಲೆಂಡಿನಲ್ಲಿ ದೇಶದ ತಂಡ ಆಡುವ ಟ್ವಿಕನಮ್ ಮೈದಾನದ ಆದಾಯ ಒಕ್ಕೂಟದ ಬಳಿ, ಸಂಬಳದ ಹೊರೆ ಮಾಲೀಕರ ಬಳಿ ಎಂದು ಹಂಚಿಹೋಯಿತು. ದೇಶದ ತಂಡಕ್ಕೆ ಆಟಗಾರರನ್ನು ಎಷ್ಟು ದಿನ ಬಿಟ್ಟುಕೊಡಬೇಕು, ಅದಕ್ಕೆ ಎಷ್ಟು ಹಣ ಎಂಬ ಚೌಕಾಸಿ ವರ್ಷಗಟ್ಟಲೆ ನಡೆದದ್ದು ಈ ಕಾರಣಕ್ಕೆ. ಇಂಗ್ಲೆಂಡ್ ಕೋಚ್ ಮಾತಿಗೆ ಹೆಚ್ಚು ಬೆಲೆ ಬರುವಂತೆ 25 ಆಟಗಾರರವರೆಗೆ ನೇರ ಕರಾರು ಮಾಡಿಕೊಳ್ಳುವ ಅವಕಾಶವನ್ನು ಒಕ್ಕೂಟ ಪಡೆದದ್ದು 2024ರಲ್ಲಿ. 1995ರ ಸೆಪ್ಟೆಂಬರಿನಲ್ಲಿ ಮಾಡಬಹುದಾಗಿದ್ದ ಕೆಲಸ ಅದು.

ನ್ಯೂಕ್ಯಾಸಲ್ ಮತ್ತೆಂದೂ ಇಂಗ್ಲೆಂಡಿನ ಚಾಂಪಿಯನ್ ಆಗಲಿಲ್ಲ. 2023–24ರಲ್ಲಿ ಆಡಿದ ಹದಿನೆಂಟು ಲೀಗ್ ಪಂದ್ಯಗಳನ್ನೂ ಅದು ಸೋತಿತು. 2025ರ ಆಗಸ್ಟ್‌ನಲ್ಲಿ, ಆಟ ಮುಕ್ತವಾಗಿ ಸರಿಯಾಗಿ ಮೂವತ್ತು ವರ್ಷ ತುಂಬಿದ ತಿಂಗಳಿನಲ್ಲಿ, ರೆಡ್ ಬುಲ್ ಕಂಪನಿ ಕ್ಲಬ್ಬನ್ನು ಕೊಂಡು ಅದಕ್ಕೆ ತನ್ನ ಹೆಸರಿಟ್ಟಿತು.