ಬೇಲಿ ಕಂಬ ಬುಡದಲ್ಲೇ ಯಾಕೆ ಮುರಿಯುತ್ತದೆ?

ಕೊಡಗಿನ ಕಾಫಿ ತೋಟಗಳಲ್ಲಿ ಮುಳ್ಳುತಂತಿಗೆ ನೆಟ್ಟ ಕಬ್ಬಿಣದ ಕಂಬಗಳನ್ನು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಡಿಯುವುದು ಕಂಬದ ಮೈಗೆ. ಮುರಿಯುವುದು ಮಾತ್ರ ಬುಡದಲ್ಲಿ, ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. 'ಮಳೆಗೆ ತುಕ್ಕು ಹಿಡೀತು' ಎಂದು ಸುಮ್ನೆ ಹೇಳಿಬಿಟ್ಟರೆ ಇದಕ್ಕೆ ಉತ್ತರ ಸಿಗುವುದಿಲ್ಲ.

ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ತುಕ್ಕು ಹಿಡಿಯುವಾಗ ಕಬ್ಬಿಣದೊಳಗೆ ಸಣ್ಣದಾಗಿ ಕರೆಂಟ್ ಹರಿಯುತ್ತಿರುತ್ತದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಎವಾನ್ಸ್ 1920ರ ದಶಕದಲ್ಲಿ ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿದರು. ಹನಿಗೆ ಬಣ್ಣ ಬದಲಿಸುವ ಎರಡು ರಾಸಾಯನಿಕ ಸೇರಿಸಿ, ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಹನಿಯ ನಡುವೆ ನೀಲಿ, ಅಂಚಿಗೆ ಗುಲಾಬಿ.

ಆಗಿದ್ದಿಷ್ಟು. ಅಂಚಿನಲ್ಲಿ ಹನಿ ತೆಳು, ಗಾಳಿಯ ಆಮ್ಲಜನಕ ಬೇಗ ಇಳಿಯುತ್ತದೆ. ನಡುವೆ ಇದ್ದದ್ದು ಮುಗಿದರೆ ಹೊಸದು ತಲುಪುವುದು ನಿಧಾನ. ಅಂಚಿನ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಬೇಕು. ಅದನ್ನು ಕೊಡುವುದು ನಡುವಿನ ಕಬ್ಬಿಣ. ಎಲೆಕ್ಟ್ರಾನ್ ಲೋಹದೊಳಗೇ ಅಂಚಿಗೆ ಹರಿಯುತ್ತದೆ, ಅದನ್ನು ಕೊಟ್ಟ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ. ನಡುವಿನ ನೀಲಿ ಕರಗಿದ ಕಬ್ಬಿಣದ ಗುರುತು, ಅಂಚಿನ ಗುಲಾಬಿ ಆಮ್ಲಜನಕ ಎಲೆಕ್ಟ್ರಾನ್ ಪಡೆದದ್ದರ ಗುರುತು. ಕೆಂಪು ತುಕ್ಕು ಕೂರುವುದು ಇವೆರಡರ ನಡುವೆ, ಬಳೆಯ ಹಾಗೆ. ಅಂದರೆ ಆಮ್ಲಜನಕ ಎಲ್ಲಿ ಕಮ್ಮಿಯೋ ಅಲ್ಲೇ ಕಬ್ಬಿಣ ಸವೆಯುತ್ತದೆ! ನನಗಂತೂ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ತಮಾಷೆಯ ವಿಷಯ ಇನ್ನೊಂದು ಕಂಡಿಲ್ಲ.

ಕಂಬದ ಕಥೆಯೂ ಇದೇ. ಮೇಲ್ಮಣ್ಣಿಗೆ ಗಾಳಿ ಸಿಗುತ್ತದೆ, ಕೆಳಗಿನ ಒದ್ದೆ ಮಣ್ಣಿಗೆ ಸಿಗುವುದಿಲ್ಲ. ಹಾಗಾಗಿ ನೆಡುವಾಗ ಬುಡಕ್ಕೆ ಕಾಂಕ್ರೀಟ್ ಹಾಕುವುದು ಒಳ್ಳೆಯದು. ಸಿಮೆಂಟಿನ ಕ್ಷಾರ ಗುಣ ಕಬ್ಬಿಣವನ್ನು ಕಾಯುತ್ತದೆ. ಕಾಂಕ್ರೀಟು ನೆಲಕ್ಕಿಂತ ಒಂದಿಷ್ಟು ಮೇಲೆದ್ದು, ನೀರು ನಿಲ್ಲದಂತೆ ಇಳಿಜಾರಾಗಿರಲಿ.

ಎಲೆಕ್ಟ್ರಾನ್ ಬಿಟ್ಟುಕೊಡುವ ಕಬ್ಬಿಣದ ಈ ಗುಣವನ್ನು ನಮ್ಮ ಬೆಳೆಗಾರರು ಬೇರೆ ಕೆಲಸಕ್ಕೂ ಬಳಸುತ್ತಾರೆ. ಮಳೆಗೆ ಮುಂಚೆ ಗಿಡಗಳ ರೋಗಕ್ಕೆ ಸಿಂಪಡಿಸಲು ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಕಲಸುವಾಗ ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರಲ್ಲ, ಅದೇ. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತುಕ್ಕಲ್ಲ, ತಾಮ್ರ. ಮೈಲುತುತ್ತದ ತಾಮ್ರ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅಲಗಿಗೆ ಅಂಟಿರುತ್ತದೆ, ಅಷ್ಟೇ ಕಬ್ಬಿಣ ಕರಗಿರುತ್ತದೆ. ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಅನ್ನುವುದು ಇದಕ್ಕೇ.

ಈ ಕೊಡುಕೊಳ್ಳುವಿಕೆಯಲ್ಲೇ ತುಕ್ಕಿಗೆ ಮದ್ದೂ ಇದೆ. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣದ ತುಂಡುಗಳನ್ನು ಸೇರಿಸಿದ. ತುಂಡುಗಳು ಸವೆದವು, ತಾಮ್ರ ಉಳಿಯಿತು. ಆದರೆ ತಾಮ್ರ ಕರಗದ ಕಾರಣ ಅದರ ವಿಷ ನೀರಿಗೆ ಸೇರಲಿಲ್ಲ. ಹಡಗಿನ ತಳಕ್ಕೆ ಚಿಪ್ಪುಜೀವಿಗಳು, ಪಾಚಿ ಅಂಟಿ ಅದರ ಓಟವೇ ಕುಂಟಿತು. ಪಾಪ, ವಿಜ್ಞಾನ ಸರಿ ಇತ್ತು, ನೌಕಾಪಡೆ ಬೇಡ ಅಂದಿತು!

ನಮ್ಮ ಮನೆಗಳ ಜಿಂಕ್ ಷೀಟಿನಲ್ಲಿ, ಅಂದರೆ ಸತು ಲೇಪಿಸಿದ ಉಕ್ಕಿನ ತಗಡಿನಲ್ಲಿ ಇರುವುದೂ ಅದೇ ಉಪಾಯ. ಷೀಟಿಗೆ ಗೀರು ಬಿದ್ದರೆ ಕಥೆ ಮುಗೀತು ಎನ್ನುವವರು ಜಾಸ್ತಿ. ಹಾಗಲ್ಲ. ಸುತ್ತಲಿನ ಸತು ತಾನು ಮೊದಲು ಕರಗಿ, ಗೀರಿನಲ್ಲಿ ಕಾಣುವ ಉಕ್ಕನ್ನು ಕಾಯುತ್ತದೆ. ನಿಜವಾಗಿ ಹೆದರಬೇಕಾದ್ದು ಗೇಟಿನ ಪೇಂಟಿಗೆ ಬಿದ್ದ ಗೀರಿಗೆ. ಅಲ್ಲಿ ಬಲಿಯಾಗಲು ಯಾರೂ ಇಲ್ಲ. ತೇವ ಪೇಂಟಿನಡಿಗೆ ನುಗ್ಗುತ್ತದೆ, ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಪೇಂಟ್ ಉಬ್ಬಿ ಸಿಪ್ಪೆ ಏಳುತ್ತದೆ. ತುಕ್ಕನ್ನು ಪೂರ್ತಿ ಉಜ್ಜದೆ ಅದರ ಮೇಲೇ ಪೇಂಟ್ ಬಳಿಯುವುದು ದುಡ್ಡು ದಂಡ.

ಇನ್ನು ಕೋವಿ, ಕೊಡವರ ಅಗಲ ಅಲಗಿನ ಒಡಿಕತ್ತಿ. ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಇವನ್ನು ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತೇವೆ. ಆದರೆ ಅಷ್ಟು ಹೊತ್ತಿಗೆ ಮಳೆಯ ಮುಕ್ಕಾಲು ಭಾಗ ಕಳೆದಿರುತ್ತದೆ, ಅಲ್ವಾ? ಎಣ್ಣೆ ಸವರಬೇಕಾದ್ದು ಜೂನ್‌ಗೆ ಮೊದಲು. ಚರ್ಮದ ಚೀಲದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಬಿಗಿಯಾಗಿ ಸುತ್ತಿಡಬೇಡಿ, ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗುವುದಿಲ್ಲ. ಬೆಂಕಿಯ ಕಾವು ತಾಗುವ ಒಣ ಕೋಣೆಯಲ್ಲಿ, ಗೋಡೆಗೆ ತಾಗದಂತೆ ತೂಗುಹಾಕಿದರೆ ಸಾಕು.