ದಾದರ್ ಲೋಕಲ್ ಮತ್ತು ತಟ್ಟೆಯಲ್ಲಿ ಮಿಡಿಯುವ ಹೃದಯ

ಡೊಂಬಿವಲಿಯ ನಮ್ಮ ಪಕ್ಕದ ಮನೆ ಹುಡುಗಿ ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಗಣಪತಿ ಹಬ್ಬಕ್ಕೆ ಬಂದವಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ತೆಳ್ಳನೆಯ ಪದರ. ನೋಡುತ್ತಿದ್ದಂತೆ ಅದು ಕುಗ್ಗಿತು, ಹಿಗ್ಗಿತು, ಮತ್ತೆ ಕುಗ್ಗಿತು.

"ಇದು ಹೃದಯದ ಜೀವಕೋಶ ಮಾಮ. ಯಾರದೋ ಚರ್ಮದಿಂದ ಮಾಡಿದ್ದು."

ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್, ಅಂದರೆ ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಮೂಲಕೋಶ, ಮಾಡುವ ದಾರಿ ತೋರಿಸಿದ್ದು ಜಪಾನಿನ ಶಿನ್ಯಾ ಯಮನಾಕ. 2006ರಲ್ಲಿ ನಾಲ್ಕೇ ಜೀನ್ ಬಳಸಿ ಇಲಿಯ ಕೋಶದಲ್ಲಿ, ಮರುವರ್ಷ ಮನುಷ್ಯನ ಕೋಶದಲ್ಲಿ. 2012ರಲ್ಲಿ ನೊಬೆಲ್ ಬಂತು. ಅಂಥ ಕೋಶಕ್ಕೆ ಸರಿಯಾದ ದಿನ ಸರಿಯಾದ ರಾಸಾಯನಿಕ ಕೊಟ್ಟರೆ ಹತ್ತು ಹನ್ನೆರಡು ದಿನದಲ್ಲಿ ಮಿಡಿಯಲು ಶುರುಮಾಡುತ್ತದೆ.

ಆದರೆ ಅವಳ ಕೆಲಸ ಇರುವುದು ಮಿಡಿತದ ಮೇಲಲ್ಲ, ಅದರ ಸುದ್ದಿ ಒಂದು ಕೋಶದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದರ ಮೇಲೆ.

ಮುಂಬೈಯ ಬೆಳಗಿನ ಲೋಕಲ್ ರೈಲಿನಲ್ಲಿ ಬಾಗಿಲಿನಿಂದ ನಾಲ್ಕು ಸಾಲು ಹಿಂದೆ ನಿಂತವರು ಏನು ಮಾಡುತ್ತೇವೆ? ಮುಂದಿನವನ ಭುಜ ತಟ್ಟಿ "ದಾದರ್ ಉತರ್ನಾ ಹೈ ಕ್ಯಾ?" (ದಾದರ್ ಸ್ಟೇಷನ್ನಿನಲ್ಲಿ ಇಳಿಯಬೇಕಾ?) ಅನ್ನುತ್ತೇವೆ. ಅವನು ತನ್ನ ಮುಂದಿನವನನ್ನು ಕೇಳುತ್ತಾನೆ. ಹೃದಯದಲ್ಲೂ ಹಾಗೇ. ಒಂದು ಕೋಶದೊಳಗೆ ಸೋಡಿಯಂ ನುಗ್ಗಿ ವೋಲ್ಟೇಜ್ ಏರುತ್ತದೆ. ಕನೆಕ್ಸಿನ್ ಎಂಬ ಪ್ರೋಟೀನಿನ ಸಣ್ಣ ಕೊಳವೆಗಳ ಮೂಲಕ ಆ ಏರಿಕೆ ಪಕ್ಕದ ಕೋಶವನ್ನು ತಟ್ಟುತ್ತದೆ. ನಡುವೆ ಒಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರೆ ಮಾತು ಸುತ್ತಿ ಬಳಸಿ ಹೋಗಬೇಕು. ಹೃದಯದಲ್ಲಿ ಹೀಗೆ ಸುತ್ತು ಹಾಕಿದ ಅಲೆ ಕೆಲವೊಮ್ಮೆ ಹೊರಟ ಜಾಗಕ್ಕೇ ಬಂದು ಮತ್ತೆ ಮತ್ತೆ ತಿರುಗುತ್ತದೆ. ಬಡಿತ ತಾಳ ತಪ್ಪಲು ಅದೂ ಒಂದು ದೊಡ್ಡ ಕಾರಣ.

ಇದನ್ನು ಅಳೆಯಲು ತಟ್ಟೆಯ ತಳದಲ್ಲೇ ಪುಟಾಣಿ ಎಲೆಕ್ಟ್ರೋಡುಗಳ ಸಾಲು ಇರುತ್ತದೆ. ಒಂದು ಮಿಲಿಮೀಟರ್ ದೂರದ ಎರಡು ಎಲೆಕ್ಟ್ರೋಡುಗಳ ನಡುವೆ ಅಲೆ 5 ಮಿಲಿಸೆಕೆಂಡು ತೆಗೆದುಕೊಂಡರೆ ವೇಗ ಸೆಕೆಂಡಿಗೆ 20 ಸೆಂಟಿಮೀಟರ್. ದೊಡ್ಡವರ ಹೃದಯದ ಕೆಳಕೋಣೆಯ ಸ್ನಾಯುವಿನಲ್ಲಿ ಸುಮಾರು 50. ಲ್ಯಾಬ್ ಕೋಶಗಳು ಸಾಮಾನ್ಯವಾಗಿ ಬಹಳ ಹಿಂದೆ. ಅವು ಚಿಕ್ಕವು, ಸೋಡಿಯಂ ಬಾಗಿಲುಗಳೂ ಕಮ್ಮಿ. ದೊಡ್ಡವರ ಕೋಶದಲ್ಲಿ ಕನೆಕ್ಸಿನ್ ಹೆಚ್ಚಾಗಿ ಎರಡು ತುದಿಗಳಲ್ಲಿ ಸೇರಿಕೊಂಡಿದ್ದರೆ ಇಲ್ಲಿ ಸುತ್ತಲೂ ಚೆದುರಿರುತ್ತದೆ.

ಇನ್ನೊಂದು ತಮಾಷೆ ಇದೆ. ಬೆಳೆದ ಹೃದಯದ ಕೆಳಕೋಣೆಯ ಸ್ನಾಯುಕೋಶ ತಾನಾಗಿ ಮಿಡಿಯುವುದಿಲ್ಲ. ಮೇಲಿನಿಂದ ಸಂಕೇತ ಬರುವ ತನಕ ಕಾಯುತ್ತದೆ. ಅದನ್ನು ಹಾಗೆ ಸುಮ್ನೆ ಕೂರಿಸುವ ಪೊಟ್ಯಾಸಿಯಂ ಹರಿವು ಲ್ಯಾಬ್ ಕೋಶದಲ್ಲಿ ದುರ್ಬಲ. ನಾನು ಬಾಯಿಬಿಟ್ಟು ನೋಡಿದ ಮಿಡಿತ ಅಸಲಿಗೆ ಬೆಳೆಯದಿರುವುದರ ಗುರುತು!

"ಅದೇ ನಮ್ಮ ತಲೆನೋವು ಮಾಮ. ಇನ್ನೂ ಕೂಸುಗಳು ಇವು." ವಾರಗಟ್ಟಲೆ ವಿದ್ಯುತ್ತಿನಿಂದ ತಟ್ಟಿ ತಟ್ಟಿ ಇವನ್ನು ಬೆಳೆಸಲು ನೋಡುತ್ತಾರಂತೆ.

ಕೂಸುಗಳಾದರೂ ಉಪಯೋಗಕ್ಕೆ ಬರುತ್ತವೆ. ಟರ್ಫೆನಾಡಿನ್ ಎಂಬ ಅಲರ್ಜಿ ಮಾತ್ರೆ ಹೃದಯದ ತಾಳ ಕೆಡಿಸಬಲ್ಲದು ಎಂದು ತಿಳಿದದ್ದು ಜನ ಅದನ್ನು ನುಂಗಿದ ಮೇಲೆ. 1990ರ ದಶಕದ ಕೊನೆಗೆ ಅಮೆರಿಕದ ಅಂಗಡಿಗಳಿಂದ ಅದು ಹೊರಬಿತ್ತು. ಈಗ ಅಂಥ ಮಾತ್ರೆಯನ್ನು ಮೊದಲು ತಟ್ಟೆಗೆ ಹಾಕಿ ನೋಡಬಹುದು.

ಹಬ್ಬದ ಮರುದಿನವೇ ಹುಡುಗಿ ಕಲ್ಯಾಣದಿಂದ ಪುಣೆಯ ರೈಲು ಹತ್ತಿದಳು. ಕೋಶಗಳ ಊಟ ಬದಲಿಸಬೇಕಂತೆ, ಅವಕ್ಕೆ ಹಬ್ಬ ಗೊತ್ತಿಲ್ಲ ನೋಡಿ.